ಮಾಮಾನ ಗಾಡಿಗೆ ಹವಾ

ನಮ್ಮ ಮಾನ್ವಿಯಲ್ಲಿ ಹವಾ ಎರಡು ಥರ. ಒಂದು, ಪಂಕ್ಚರ್ ಅಂಗಡಿಯಲ್ಲಿ ಟೈರಿಗೆ ಹಾಕುವುದು. ಇದಕ್ಕೆ ದುಡ್ಡು ಕೊಡಬೇಕು. ಇನ್ನೊಂದು, ಚಹಾದಂಗಡಿಯಲ್ಲಿ ಮನುಷ್ಯನಿಗೆ ಹಾಕುವುದು. ಇದು ಪುಕ್ಕಟೆ, ಮೇಲೆ ಒಂದು ಕಪ್ ಚಹಾನೂ ಗಿಟ್ಟುತ್ತದೆ. "ನಿಮ್ಮಂಥವ್ರು ನಿಂತ್ರ ಗೆದ್ದಂಗ ಬಿಡ್ರಿ" ಎಂದು ನಾಲ್ಕು ಮಂದಿ ಊದಿದ್ದಕ್ಕೆ ಪುರಸಭೆ ಚುನಾವಣೆಗೆ ನಿಂತು, ಎಣಿಕೆಯ ದಿನ ಮನೆಯವರ ಮತಗಳೂ ಪೂರಾ ಬಿದ್ದಿಲ್ಲವೆಂದು ಲೆಕ್ಕ ಹಾಕುತ್ತ ಕೂತವರನ್ನು ನಾನು ನೋಡಿದ್ದೇನೆ. ಆ ಊದಿದ ನಾಲ್ವರಲ್ಲಿ ನಾನೂ ಒಬ್ಬ ಎಂಬುದು ಬೇರೆ ಮಾತು. ಹಾಕುವವನಿಗೆ ಲುಕ್ಸಾನಿಲ್ಲದ ದಂಧೆ ಅದೊಂದೇ. ಹೋದ ಬೇಸಿಗೆಯಲ್ಲಿ ಅದೇ ಹವಾ ನನ್ನ ಕಡೆಗೆ ತಿರುಗಿತು. ನನಗೆ ನನ್ನ ಅಕ್ಕನ ಮಗ ಹಾಕಿದ; ನಾವಿಬ್ಬರೂ ಸೇರಿ ನನ್ನ ಗಾಡಿಗೆ ಹಾಕಿದೆವು.

ನನ್ನದು ಮಾರುತಿ 800. 1996ರ ಗಾಡಿ, ಕೆಎ-36, ಬಣ್ಣ ಕಾಗದದ ಪ್ರಕಾರ ಬಿಳಿ. ನಾನು ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮುಂಜಾನೆ ಒಂಬತ್ತಕ್ಕೆ ಮಿಲ್ಲಿನ ತಗಡಿನ ನೆರಳಿಗೆ ನಿಂತ ಗಾಡಿ ಸಂಜೆ ಏಳಕ್ಕೆ ಅಲ್ಲಿಂದ ಏಳುತ್ತದೆ. ಅಷ್ಟರಲ್ಲಿ ತೌಡು, ಹೊಟ್ಟು, ಎರೆಮಣ್ಣಿನ ಧೂಳು ಎಲ್ಲ ಕೂತು, ಕಡ್ಲಿಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಡಲು ತಯಾರಾದ ಮಿರ್ಚಿಯ ಹಾಗೆ ಕಾಣುತ್ತಿರುತ್ತದೆ. ಮೂರು ಸಿಲಿಂಡರ್, 796 ಸಿಸಿ, ಹೊಸದಿದ್ದಾಗ ಹೆಚ್ಚೂಕಡಿಮೆ 37 ಕುದುರೆಯ ಶಕ್ತಿ. ಮೂವತ್ತು ವರ್ಷದಲ್ಲಿ ಆ ಕುದುರೆಗಳಲ್ಲಿ ಎಷ್ಟು ಸತ್ತವು, ಎಷ್ಟು ಕುಂಟುತ್ತಿವೆ ಎಂದು ಯಾರೂ ಗಣತಿ ಮಾಡಿರಲಿಲ್ಲ.

ಗಣತಿ ಆದದ್ದು ಏಪ್ರಿಲ್‌ನಲ್ಲಿ. ರಾಯಚೂರಿಗೆ ಹೋಗುವಾಗ ಕಲ್ಲೂರಿನ ಹತ್ತಿರ ಒಂದು ಟ್ರ್ಯಾಕ್ಟರ್ ನನ್ನನ್ನು ದಾಟಿ ಹೋಯಿತು. ಖಾಲಿ ಟ್ರ್ಯಾಕ್ಟರ್ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಹಿಂದೆ ಟ್ರಾಲಿ, ಟ್ರಾಲಿಯ ತುಂಬ ಮದುವೆಯ ದಿಬ್ಬಣ. ಹುಡುಗರು ಕೈಬೀಸಿದರು. ಒಬ್ಬ ಮುದುಕಿ ನನ್ನನ್ನು ನೋಡಿ, "ಅವಸರ ಮಾಡಬ್ಯಾಡಪಾ, ಸಾವಕಾಶ ಬಾ" ಎಂದಳು. ಆಕೆಯ ಅಂತಃಕರಣವೇ ನನ್ನನ್ನು ಕೊಂದಿತು.

ಮರುದಿನ ಗಾಡಿಯನ್ನು ಚಾಚಾನ ಗ್ಯಾರೇಜಿಗೆ ಒಯ್ದೆ. ಚಾಚಾ ಎಂದರೆ ಊರಿಗೆಲ್ಲ ಚಾಚಾ. ಭತ್ತದ ಲಾರಿ, ಟ್ರ್ಯಾಕ್ಟರ್, ಸುಗ್ಗಿಯಲ್ಲಿ ಬರುವ ಕಟಾವಿನ ಮಷಿನ್ನು ಎಲ್ಲದರ ನಾಡಿ ಹಿಡಿದ ಮನುಷ್ಯ. "ಪಿಕಪ್ ಇಲ್ಲ ಚಾಚಾ, ಎವರೇಜೂ ಬಿದ್ದೈತಿ. ಹದಿನೆಂಟು ಕೊಡತಿತ್ತು, ಈಗ ಹನ್ನೆರಡಕ್ಕ ಬಂದೈತಿ" ಎಂದೆ. ಅವರು ಬಾನೆಟ್ ಎತ್ತಲಿಲ್ಲ. ಹಿಂದಕ್ಕೆ ಹೋಗಿ ಬಗ್ಗಿ, ಸೈಲೆನ್ಸರ್ ಕೊಳವೆಯ ಬಾಯೊಳಗೆ ಬೆರಳಾಡಿಸಿ, ಕಾಡಿಗೆಯಂಥ ಮಸಿ ಹತ್ತಿದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

"ಸಾಹೇಬ್ರ, ಏರ್ ಫಿಲ್ಟರ್ ಯಾವಾಗ ಜಾಡ್ಸೀರಿ?"

ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಅಳಿಯ ಮೊಬೈಲ್ ಹಿಡಿದು ನಡುವೆ ಬಂದ. ರಾಯಚೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ, ಕೆಲಸ ಇನ್ನೂ ಸಿಕ್ಕಿಲ್ಲ. ಇಂಥ ಹುಡುಗರ ಕೈಯಲ್ಲಿ ನಟ್ಟು ಬಿಚ್ಚುವ ಪಾನ ಕೊಡಬಾರದು ಎಂದು ಹಿರಿಯರು ಯಾಕೆ ಹೇಳಲಿಲ್ಲವೋ.

"ಮಾಮಾ, ಇದಕ್ಕ ಟರ್ಬೊ ಹಾಕೂಣ್ರಿ."

ನಾನು ನಕ್ಕೆ. ಅವನು ನಗಲಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಥೇಟ್ ನನ್ನ ಗಾಡಿಯೇ. ಆದರೆ ಕೆಂಪು ಬಣ್ಣ, ಬಾನೆಟ್ಟಿನ ಮೇಲೊಂದು ಮೂಗಿನ ಹೊಳ್ಳೆ. "ಇದು ಜಪಾನಿನ ಸುಜುಕಿ ಆಲ್ಟೊ ವರ್ಕ್ಸ್. 1987ರದ್ದು. ನಿಮ್ಮ 800 ಐತಲ್ಲ, ಇದೂ ಅದಾ ಪೀಳಿಗಿ. ಇಂಜಿನ್ ಬರೇ 543 ಸಿಸಿ, ನಿಮ್ಮದಕ್ಕಿಂತ ಸಣ್ಣದು. ಆದ್ರ 64 ಕುದ್ರಿ. ಯಾಕಂದ್ರ ಟರ್ಬೊ. ಮಾಮಾ, ನಿಮ್ಮ ಗಾಡಿ ಹುಟ್ಟಾ ಹುಲಿ ಐತ್ರಿ. ನೀವ ಅದನ್ನ ತೌಡಿನ್ಯಾಗ ಕಟ್ಟಿಹಾಕೀರಿ."

ನೀವೇ ಹೇಳಿ, ಮದುವೆ ದಿಬ್ಬಣದ ಟ್ರ್ಯಾಕ್ಟರ್ ದಾಟಿಹೋದ ಮರುದಿನವೇ ನಿಮ್ಮ ಗಾಡಿಯನ್ನು ಯಾರಾದರೂ ಹುಲಿ ಎಂದರೆ ನೀವೇನು ಮಾಡುತ್ತೀರಿ? ನಾನೂ ಅದನ್ನೇ ಮಾಡಿದೆ. ಜೇಬಿಗೆ ಕೈ ಹಾಕಿದೆ.

ಟರ್ಬೊ ಎಂದರೇನು ಎಂದು ಅಳಿಯ ನನಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಇಂಜಿನ್ನಿನಿಂದ ಹೊರಬೀಳುವ ಹೊಗೆ ಸುಮ್ಮನೆ ಬೀಳುವುದಿಲ್ಲ, ರಭಸದಿಂದ ಬೀಳುತ್ತದೆ. ಆ ದಾರಿಗೆ ಒಂದು ಪುಟ್ಟ ಚಕ್ರ ಇಟ್ಟರೆ ತಿರುಗುತ್ತದೆ. ಅದೇ ದಂಡಿಗೆಯ ಇನ್ನೊಂದು ತುದಿಗೆ ಮತ್ತೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಬೆಂಕಿ, ಹೆಚ್ಚು ಕಸುವು. ಬಿಟ್ಟ ಉಸಿರಿನಿಂದಲೇ ಮುಂದಿನ ಉಸಿರನ್ನು ಎಳೆಸುವ ಯುಕ್ತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿಕೊಂಡಿದ್ದ. ನಮ್ಮ ಮಿಲ್ಲಿನಲ್ಲಿ ಹೊಟ್ಟು ಹಾರಿಸುವ ಬ್ಲೋವರ್ ಇದೆಯಲ್ಲ, ಅದರ ಮೊಮ್ಮಗು ಎಂದುಕೊಳ್ಳಿ. ಆದರೆ ಮೊಮ್ಮಗು ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ.

ಚಾಚಾ ಎಲ್ಲ ಕೇಳಿ ಬೀಡಿ ಹಚ್ಚಿದರು. "ಬೇಟಾ, ನಾನು ಟರ್ಬೊ ಲಾರಿ ಭಾಳ ಬಿಚ್ಚೀನಿ. ಡೀಸೆಲ್ ಇಂಜಿನ್ ಅಂದ್ರ ಎಮ್ಮಿ. ಎಷ್ಟು ಗಾಳಿ ಕೊಟ್ರೂ ಕುಡೀತದ, ಹೆಚ್ಚಾದ್ರ ಸುಮ್ಮಿರ್ತದ. ಡೀಸೆಲ್ ಹೆಚ್ಚಾದ್ರ ಕರಿ ಹೊಗಿ ಬಿಡ್ತದ, ಅಷ್ಟ. ಪೆಟ್ರೋಲ್ ಇಂಜಿನ್ ಆಚಾರದ ಮನಿಶಾ. ಹದಿನೈದು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್. ಟರ್ಬೊ ಒತ್ತುವಾಗ ಹನ್ನೆರಡಕ್ಕ ಒಂದು. ಇದ್ರಾಗ ತಪ್ಪಿದ್ರ ಪಿಸ್ಟನ್‌ಗ ತೂತು."

"ಅದಕ್ಕ ನೀವ ಅದೀರಲ್ಲ ಚಾಚಾ" ಎಂದ ಅಳಿಯ. ನೋಡಿದಿರಾ? ಚಾಚಾನಿಗೂ ಹಾಕಿದ. ಚಾಚಾ ಬೀಡಿ ಆರಿಸಿ ಪಾನ ಕೈಗೆ ತಗೊಂಡರು.

ಟರ್ಬೊ ಹೈದರಾಬಾದಿನ ಗುಜರಿಯಿಂದ ಬಂತು. ಯಾವುದೋ ಅಪಘಾತವಾದ ಸಣ್ಣ ಡೀಸೆಲ್ ಕಾರಿನದು. ತೆಂಗಿನಕಾಯಿಯಷ್ಟು ಗಾತ್ರ, ಬಸವನಹುಳುವಿನ ಚಿಪ್ಪಿನ ಆಕಾರ. ಮೂರು ದಿನ ವೆಲ್ಡಿಂಗ್ ನಡೆಯಿತು. ಅಳಿಯ ಮೊದಲ ದಿನವೇ ಫಿಲ್ಟರಿನ ಡಬ್ಬಿಯನ್ನು, "ಈ ಹಳೇ ಡಬ್ಬಿ ಬ್ಯಾಡ" ಎಂದು ತೆರೆದೂ ನೋಡದೆ ಕಿತ್ತು ಗ್ಯಾರೇಜಿನ ಅಟ್ಟಕ್ಕೆ ಎಸೆದ. ಟರ್ಬೊದ ಬಾಯಿಗೆ ಬಜಾರಿನ ಒಂದು ಹೊಳೆಯುವ ಫಿಲ್ಟರ್ ಸಿಕ್ಕಿಸಿದ. ಎರಡನೆಯ ದಿನ ಹಿಂದಿನ ಗಾಜಿಗೆ 'ಟರ್ಬೊ' ಎಂಬ ಕೆಂಪು ಸ್ಟಿಕರ್ ಅಂಟಿಸಿದ. ಟರ್ಬೊ ಕೂತದ್ದು ಮೂರನೆಯ ದಿನ. ನಮ್ಮ ಕಡೆ ಎಲ್ಲ ಕೆಲಸಗಳ ಕ್ರಮವೂ ಇದೇ, ಮೊದಲು ಬ್ಯಾನರು.

ಒತ್ತಡ ಎಷ್ಟಿರಬೇಕು ಎಂದು ಚರ್ಚೆಯಾಗಿ ಏಳು ಎಂದು ಠರಾವಾಯಿತು. ಕಾರಿನ ಟೈರಿಗೆ ಮೂವತ್ತು ಹಾಕಿಸುತ್ತೀರಲ್ಲ, ಅದೇ ಮಾಪಿನಲ್ಲಿ ಏಳು. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ನಮ್ಮ ತಲೆಯ ಮೇಲಿನ ಬಯಲ ಗಾಳಿಯ ಒತ್ತಡವೇ 14.7. ಅದರ ಮೇಲೆ ಏಳು ಸೇರಿದರೆ ಒಂದು ಹೊತ್ತು ಉಣ್ಣುವವನಿಗೆ ಒಂದೂವರೆ ಹೊತ್ತಿನ ಊಟ ಬಡಿಸಿದಂತೆ.

ರಾತ್ರಿ ಹತ್ತು ಗಂಟೆಗೆ ಪೋತ್ನಾಳದ ದಾರಿಯಲ್ಲಿ ಪರೀಕ್ಷೆ. ನಾನು ಸ್ಟೇರಿಂಗ್, ಪಕ್ಕದಲ್ಲಿ ಅಳಿಯ, ಹಿಂದೆ ಚಾಚಾ. ಮೂರನೆಯ ಗೇರಿನಲ್ಲಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಾನೆಟ್ಟಿನೊಳಗಿಂದ ಸಣ್ಣ ಸೀಟಿ, ಕುಕ್ಕರ್ ಕೂಗುವ ಮೊದಲು ಎಳೆಯುವ ರಾಗದಂಥದ್ದು. "ಬಂತ್ರಿ ಮಾಮಾ, ಬಂತು!" ಬಂತು. ಗಾಡಿ ಮುಂದಕ್ಕೆ ಜಿಗಿಯಿತು. ಎರಡು ಸೆಕೆಂಡು ನಾನು ಹುಲಿಯ ಮೇಲೆ ಕೂತಿದ್ದೆ. ಮೂರನೆಯ ಸೆಕೆಂಡಿಗೆ ಹುಲಿ ಕೆಮ್ಮಿತು, ನಡುಗಿತು, ಸತ್ತಿತು. ಹಾದಿಬದಿಯ ಕಾಲುವೆಯಲ್ಲಿ ಕಪ್ಪೆಗಳು ಮಾತ್ರ ಕೂಗುತ್ತಿದ್ದವು.

ಮತ್ತೆ ಚಾಲೂ ಮಾಡಿದರೆ ಸುಖವಾಗಿ ನಡೆಯುತ್ತದೆ. ಸೀಟಿ ಬಂದ ಕೂಡಲೇ ಸಾಯುತ್ತದೆ. ನಾಲ್ಕು ಸಲ ಹೀಗೇ ಆಯಿತು. ಅಳಿಯ ಪ್ಲಗ್ ಎಂದ, ಕಾಯಿಲ್ ಎಂದ. ಚಾಚಾ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದವರು, "ಇದು ಕಾಲುವಿ ಕೊನೀ ರೈತನ ಜಡ್ಡು" ಎಂದರು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ ನಮ್ಮದು. ಮೇಲಿನವರು ಗದ್ದೆ ತುಂಬಿಸಿಕೊಂಡು ಉಳಿದದ್ದು ನಮಗೆ. ಅದಕ್ಕೇ ನಮ್ಮ ಚಹಾದಂಗಡಿಯಲ್ಲಿ ಕ್ರಿಕೆಟ್ ಸ್ಕೋರಿಗಿಂತ ಮೊದಲು ಕಾಲುವೆಯ ಗೇಜ್ ಎಷ್ಟು ಎಂದು ಕೇಳುತ್ತಾರೆ. ಗೇಜ್ ಇಲ್ಲದಿದ್ದರೆ ನೀರು ತಾನಾಗಿ ಕೊನೆಗೆ ಹರಿಯುವುದಿಲ್ಲ. ಚಾಚಾ ಹೇಳಿದ್ದೂ ಅದನ್ನೇ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಒಂದು ಬಟ್ಟಲು ಇರುತ್ತದೆ. ಅದರ ಮೇಲೆ ಬಯಲ ಗಾಳಿಯ ಒತ್ತಡ. ಪಕ್ಕದ ಗಂಟಲಿನಲ್ಲಿ ಇಂಜಿನ್ ಎಳೆಯುವುದರಿಂದ ಒತ್ತಡ ಕಡಿಮೆ. ಈ ಮೇಲು ಕೀಳಿನಿಂದಲೇ ಪೆಟ್ರೋಲ್ ಬಟ್ಟಲಿನಿಂದ ಗಂಟಲಿಗೆ ಹರಿಯುವುದು. ಈಗ ನಾವು ಗಂಟಲಿಗೆ ಟರ್ಬೊ ಹಚ್ಚಿ ಏಳು ತುಂಬಿದೆವು. ಬಟ್ಟಲನ್ನು ಬಯಲಿಗೇ ಬಿಟ್ಟೆವು. ಇಳಿಜಾರು ತಿರುವುಮುರುವಾಯಿತು. ಪೆಟ್ರೋಲ್ ಬರುವುದಿರಲಿ, ಗಾಳಿಯೇ ಬಟ್ಟಲಿನತ್ತ ನುಗ್ಗಿತು. ಸಾಲದ್ದಕ್ಕೆ ಟ್ಯಾಂಕಿನಿಂದ ಪೆಟ್ರೋಲ್ ತರುವ ಹಳೆಯ ಪಂಪಿನ ಒತ್ತಡ ಮೂರೋ ನಾಲ್ಕೋ. ಏಳನ್ನು ಎದುರಿಸಿ ಅದು ಹೇಗೆ ಬಂದೀತು?

ಮದ್ದು ಎರಡು. ಬಟ್ಟಲಿಗೂ ಟರ್ಬೊದಿಂದಲೇ ಒಂದು ಸಣ್ಣ ಕೊಳವೆ ಎಳೆದು ಎರಡೂ ಕಡೆ ಒತ್ತಡ ಸರಿದೂಗಿಸುವುದು. ಕರೆಂಟಿನ ಪಂಪ್ ಹಾಕಿ, ಟರ್ಬೊ ಎಷ್ಟು ಏರಿಸುತ್ತದೋ ಪೆಟ್ರೋಲಿನ ಒತ್ತಡವೂ ಅಷ್ಟೇ ಏರುವಂತೆ ರೆಗ್ಯುಲೇಟರ್ ಕೂರಿಸುವುದು. ಇವೆರಡಕ್ಕೆ ಆದ ಖರ್ಚು ಟರ್ಬೊದ ಬೆಲೆಯನ್ನು ಹಿಂದೆ ಹಾಕಿತು. ನನ್ನ ಗಾಡಿಗೆ ಸಂಬಂಧಪಟ್ಟಂತೆ ಆ ತಿಂಗಳು ಮತ್ತೊಂದನ್ನು ಹಿಂದೆ ಹಾಕಿದ್ದು ಅದೊಂದೇ.

ಎರಡನೆಯ ರೋಗ ಮೇ ತಿಂಗಳಿನದು. ಹೊರಗೆ 42 ಡಿಗ್ರಿ. ಗಾಡಿ ಸಾಯುವುದು ನಿಂತಿತ್ತು. ಈಗ ಒತ್ತಿದರೆ ಒಳಗಿಂದ ಟಕಟಕಟಕ ಸದ್ದು. ತಗಡಿನ ಡಬ್ಬಿಯಲ್ಲಿ ಶೇಂಗಾ ಹಾಕಿ ಅಲ್ಲಾಡಿಸಿದಂತೆ. ನನಗೆ ಅದು ಶಕ್ತಿಯ ಸದ್ದು ಎನಿಸಿ ಎದೆ ಉಬ್ಬಿತು. ಚಾಚಾ ಓಡಿಬಂದು ಕೀಲಿ ತಿರುಗಿಸಿ ಬಂದ್ ಮಾಡಿದರು. "ನಾಕಿಂಗ್! ಇನ್ನೆರಡು ಸಲ ಹಿಂಗ ಒತ್ರಿ, ಪಿಸ್ಟನ್ ಚಾಳಣಿ ಆಗ್ತದ."

ಕಾರಣ ಸರಳ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಮಾನ್ವಿಯ ಮೇ ತಿಂಗಳ ಗಾಳಿ ಮೊದಲೇ ಕಾದದ್ದು, ಟರ್ಬೊ ಅದನ್ನು ಮತ್ತಷ್ಟು ಕಾಯಿಸಿತು, ಸಿಲಿಂಡರಿನೊಳಗೆ ಪಿಸ್ಟನ್ ಅದನ್ನು ಇನ್ನೂ ಒಂಬತ್ತು ಪಟ್ಟು ಹಿಸುಕಿತು. ಪ್ಲಗ್ ಹಚ್ಚಿದ ಬೆಂಕಿ ಮೂಲೆಮೂಲೆಗೆ ಹರಡುವ ಮೊದಲೇ ಮೂಲೆಯ ಮಿಶ್ರಣ ತಾನೇ ಧಗ್ ಎಂದಿತು. ಕಂಪನಿಯವರು ಟರ್ಬೊ ಗಾಡಿ ಕಟ್ಟುವಾಗ ಒಳಗಿನ ಆ ಹಿಸುಕುವಿಕೆಯನ್ನೇ ಕಡಿಮೆ ಮಾಡುತ್ತಾರೆ, ಗಾಳಿ ತಣಿಸಲು ಮುಂದೊಂದು ಇಂಟರ್‌ಕೂಲರ್ ಇಡುತ್ತಾರೆ. ಜಪಾನಿನ ಆ ಕೆಂಪು ಅಣ್ಣನಿಗೆ ಇಂಟರ್‌ಕೂಲರೂ ಇತ್ತು, ಕಾರ್ಬೊರೇಟರ್ ಬದಲು ಇಂಜೆಕ್ಷನ್ನೂ ಇತ್ತು. ಅಳಿಯ ಮೊಬೈಲಿನಲ್ಲಿ ಚಿತ್ರ ತೋರಿಸುವಾಗ ಅದನ್ನು ಹೇಳಿರಲಿಲ್ಲ. ಗಂಡಿನ ಫೋಟೋ ತೋರಿಸುವವರು ಸಾಲದ ಪತ್ರ ತೋರಿಸುತ್ತಾರೆಯೇ?

ಚಾಚಾ ಒತ್ತಡ ಏಳರಿಂದ ನಾಲ್ಕಕ್ಕೆ ಇಳಿಸಿದರು. ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ತಡ ಮಾಡಿದರು. ಒತ್ತಡದಲ್ಲಿ ಕಿಡಿ ಆರಿಹೋಗದಂತೆ ಪ್ಲಗ್ಗಿನ ಸಂದು ಕಿರಿದು ಮಾಡಿದರು. ಟಕಟಕ ನಿಂತಿತು. ಆದರೆ ಅಳಿಯನಿಗೆ ಅಷ್ಟು ಸಾಲದೆ, ಯಾರೂ ಇಲ್ಲದ ಹೊತ್ತಿನಲ್ಲಿ ಟೈಮಿಂಗನ್ನು ಮತ್ತೂ ತಡಕ್ಕೆ ತಿರುವಿದ. ಅವತ್ತು ರಾತ್ರಿ ಪೋತ್ನಾಳದಿಂದ ಬಂದು ಬಾನೆಟ್ ಎತ್ತಿದಾಗ ಕಂಡದ್ದನ್ನು ಮರೆಯಲಾರೆ. ಕತ್ತಲಲ್ಲಿ ಮ್ಯಾನಿಫೋಲ್ಡ್ ಕೆಂಪಗೆ ಹೊಳೆಯುತ್ತಿತ್ತು, ಕಮ್ಮಾರನ ಕುಲುಮೆಯಿಂದ ಆಗ ತಾನೇ ತೆಗೆದ ಕುಡದಂತೆ. ಟರ್ಬೊದ ಬಸವನಹುಳುವೂ ಅಂಚಿನಲ್ಲಿ ಕೆಂಪು. ಬೆಂಕಿ ತಡವಾಗಿ ಹತ್ತಿದರೆ ಸಿಲಿಂಡರಿನಲ್ಲಿ ಉರಿಯಬೇಕಾದ್ದು ಸೈಲೆನ್ಸರಿನ ದಾರಿಯಲ್ಲಿ ಉರಿಯುತ್ತದೆ. ಅದರಲ್ಲೂ ಪೆಟ್ರೋಲಿನ ಹೊಗೆ ಡೀಸೆಲ್ಲಿನ ಹೊಗೆಗಿಂತ ಬಿಸಿ, ನಮ್ಮದು ಡೀಸೆಲ್ಲಿಗೆಂದು ಹುಟ್ಟಿದ ಟರ್ಬೊ. "ಚಂದ ಐತ್ರಿ ಮಾಮಾ" ಎಂದ ಅಳಿಯ. ಚಂದವೇ ಇತ್ತು. ಪೆಟ್ರೋಲ್ ಪೈಪ್ ಅದರಿಂದ ಒಂದು ಗೇಣು ದೂರದಲ್ಲಿತ್ತು.

ಅಂದಿನಿಂದ ಅಳಿಯ ಒಂದು ಶಾಸ್ತ್ರ ಹೊರಡಿಸಿದ. ಗಾಡಿ ನಿಲ್ಲಿಸಿದ ಮೇಲೆ ತಕ್ಷಣ ಆರಿಸಬಾರದು. ಒಂದು ನಿಮಿಷ ಹಾಗೇ ಓಡಲು ಬಿಡಬೇಕು. ಇಂಜಿನ್ ಬಂದಾದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಕಾದ ದಂಡಿಗೆಯಲ್ಲಿ ಉಳಿದ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ಮಾತು ಖರೆ, ಲಾರಿ ಡ್ರೈವರುಗಳು ಹಿಂದಿನಿಂದ ಪಾಲಿಸಿಕೊಂಡು ಬಂದದ್ದೇ. ಆದರೆ ಅಕ್ಕಿ ಮಿಲ್ಲಿನ ಗುಮಾಸ್ತ ದಿನಾ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಕೈಗಡಿಯಾರ ನೋಡುತ್ತ ಒಂದು ನಿಮಿಷ ಕೂತರೆ ಓಣಿಯವರು ಏನು ತಿಳಿಯಬೇಕು? ಎದುರುಮನೆಯ ಅಜ್ಜಿ ನನ್ನ ಹೆಂಡತಿಯನ್ನು ಕರೆದು, "ಮನ್ಯಾಗೇನಾರ ಜಗಳ ಐತೇನವ್ವಾ? ನಿನ್ನ ಗಂಡ ಒಳಗ ಬರಾಕ ಅಂಜಾಕತ್ಯಾನ" ಎಂದಳು.

ಮೂರನೆಯದು ನೀಲಿ ಹೊಗೆ. ಕರಿ ಹೊಗೆ ಪೆಟ್ರೋಲಿನದು, ಬಿಳಿ ಹೊಗೆ ನೀರಿನದು, ನೀಲಿ ಹೊಗೆ ಎಣ್ಣೆಯದು. ಗ್ಯಾರೇಜಿನ ಈ ವರ್ಣಮಾಲೆಯನ್ನು ನಾನು ಅಷ್ಟರಲ್ಲಿ ಕಲಿತಿದ್ದೆ. ಗಾಡಿ ಹೋದ ದಾರಿಯಲ್ಲಿ ಯಾರೋ ಲೋಬಾನ ಹಾಕಿಕೊಂಡು ಹೋದಂತೆ. ಅಳಿಯ ಟರ್ಬೊದ ಸೀಲು ಹೋಗಿದೆ, ಹೈದರಾಬಾದಿನವನು ಮೋಸ ಮಾಡಿದ ಎಂದು ಕೂಗಾಡಿದ. ಚಾಚಾ ಗಾಡಿ ಕೆಳಗೆ ಮಲಗಿ ಎಣ್ಣೆ ವಾಪಸು ಬರುವ ಪೈಪನ್ನು ಬೆರಳಿನಿಂದ ಗುರುತಿಸುತ್ತ ಹೋದರು.

"ಬೇಟಾ, ಎಣ್ಣಿ ಟರ್ಬೊಕ್ಕ ಹೋಗೂದು ಪಂಪಿನ ಜೋರಿನ್ಯಾಗ. ತಿರುಗಿ ಬರೂದು?"

"ತನ್ನ ಭಾರಕ್ಕ ಇಳದು ಬರ್ತದ ಚಾಚಾ."

"ಇಳೀಲಿಕ್ಕ ಇಳಿಜಾರು ಎಲ್ಲೈತಿ?"

ಅಳಿಯ ಹಾಕಿದ ಪೈಪು ಕೆಳಗಿಳಿದು, ಕ್ರಾಸ್‌ಮೆಂಬರ್ ತಪ್ಪಿಸಲು ಮೇಲಕ್ಕೆ ಹತ್ತಿ, ಮತ್ತೆ ಕೆಳಗಿಳಿದು ಇಂಜಿನ್ ತಳದ ಎಣ್ಣೆಯ ಚೇಂಬರ್ ಸೇರುತ್ತಿತ್ತು. ಎಣ್ಣೆ ಆ ಡೊಂಕಿನಲ್ಲಿ ನಿಂತು, ಹಿಂದಕ್ಕೆ ತುಂಬಿ, ಗತ್ಯಂತರವಿಲ್ಲದೆ ಸೀಲಿನ ಸಂದಿಯಿಂದ ಸೈಲೆನ್ಸರಿಗೆ ಹೋಗುತ್ತಿತ್ತು. ಸೀಲಿನ ತಪ್ಪು ಏನೂ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಓಣಿಯ ಗಟಾರ ಮಾಡುವುದೂ ಇದನ್ನೇ. ನೀರು ಒಳಗೆ ಬರಲು ದಾರಿ ಇದೆ, ಹೋಗಲು ಇಳಿಜಾರಿಲ್ಲ, ಕೊನೆಗೆ ದೇವರಮನೆಗೆ ನುಗ್ಗುತ್ತದೆ. ದಪ್ಪನೆಯ ಪೈಪೊಂದನ್ನು ನೇರ ಕೆಳಗೆ ಇಳಿಸಿ, ಚೇಂಬರಿನಲ್ಲಿ ಎಣ್ಣೆ ನಿಲ್ಲುವ ಮಟ್ಟಕ್ಕಿಂತ ಮೇಲೆ ಸೇರಿಸಿದ ಮೇಲೆ ಲೋಬಾನ ನಿಂತಿತು.

ಆಮೇಲಿನವು ಚಿಲ್ಲರೆ ಕಾಯಿಲೆಗಳು, ಬೇಗ ಮುಗಿಸುತ್ತೇನೆ. ಒತ್ತಿದಾಗ ಸುಂಯ್ ಎನ್ನುತ್ತಿತ್ತು. ಹೋಸಿನ ಜೋಡಣೆಗಳಿಗೆ ಸಾಬೂನು ನೀರು ಸವರಿ, ಗುಳ್ಳೆ ಎದ್ದಲ್ಲಿ ಕ್ಲಾಂಪ್ ಬಿಗಿದರು, ಪಂಕ್ಚರ್ ಹುಡುಕುವ ವಿದ್ಯೆಯೇ. ಆಯಿಲ್ ಗೇಜಿನ ಕಡ್ಡಿ ಆಗಾಗ ತಾನೇ ಎದ್ದು ಹೊರಬರುತ್ತಿತ್ತು. ಟರ್ಬೊದ ಗಾಳಿ ಹಳೆಯ ಉಸಿರುಕೊಳವೆಯಿಂದ ತಿರುಗಿ ಚೇಂಬರಿಗೆ ಹೋಗುತ್ತಿತ್ತು, ಒಮ್ಮುಖದ ವಾಲ್ವ್ ಹಾಕಿದರು. ಬ್ರೇಕಿಗೂ ಅದೇ ಥರದ ವಾಲ್ವ್ ಸರಿಯಿದೆಯೇ ಎಂದು ಚಾಚಾ ಎರಡೆರಡು ಸಲ ನೋಡಿದರು. ಓಡುವುದಕ್ಕಿಂತ ನಿಲ್ಲುವುದರ ಚಿಂತೆ ಇದ್ದವರು ನಮ್ಮಲ್ಲಿ ಅವರೊಬ್ಬರೇ. ಕ್ಲಚ್ ಜಾರಿತು, ಹೊಸದು ಬಂತು. ರೇಡಿಯೇಟರ್ ಕುದಿಯಿತು, ದೊಡ್ಡದು ಬಂತು. ಹೀಗೆ ಒಂದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ಸೋಲುತ್ತಿತ್ತು. ಇಂಜಿನ್ ಎಂದರೆ ಒಟ್ಟು ಕುಟುಂಬ ಇದ್ದ ಹಾಗೆ. ಒಬ್ಬನಿಗೆ ಒಮ್ಮೆಲೆ ಪಗಾರ ಹೆಚ್ಚಾದರೆ ಉಳಿದವರ ಬಿರುಕುಗಳೆಲ್ಲ ಕಾಣತೊಡಗುತ್ತವೆ.

ಆ ಹೊತ್ತಿಗೆ ನಾನು ನಮ್ಮೂರ ಜಗನ್ನಾಥದಾಸರ ಗುಡಿಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದೆ. ಹರಿಕಥಾಮೃತಸಾರ ಬರೆದ ಆ ಮಹಾನುಭಾವರ ಐತಿಹ್ಯ ಇಲ್ಲಿ ಮಕ್ಕಳಿಗೂ ಗೊತ್ತು. ದಾಸರಾಗುವ ಮೊದಲು ಅವರು ದೊಡ್ಡ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಗೆ ತಾನೇಕೆ ಎಂಬ ಗತ್ತಿನಲ್ಲಿ ಹೊಟ್ಟೆನೋವಿನ ನೆಪ ಹೇಳಿ ಕಳಿಸಿದರಂತೆ. ನೆಪವೇ ನಿಜವಾಗಿ ಹೊಟ್ಟೆ ಹಿಡಿದುಕೊಂಡಿತಂತೆ. ಕೊನೆಗೆ ತಪ್ಪೊಪ್ಪಿಕೊಂಡು, ಗೋಪಾಲದಾಸರ ಕೃಪೆಯಿಂದ ಗುಣವಾಗಿ, ತಾವೇ ಕನ್ನಡದಲ್ಲಿ ಹಾಡಿದರು. ಪಾಂಡಿತ್ಯದ ಹವಾವನ್ನೇ ಸಹಿಸದ ಊರಿದು. ನನ್ನ 800ರ ಹವಾವನ್ನು ಎಷ್ಟು ದಿನ ಸಹಿಸೀತು?

ಜೂನ್‌ವರೆಗೆ ಸಹಿಸಿತು. ಹಳೆಯ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕಲ್ಲ, ನನ್ನದರ ಸರದಿ ಬಂತು. ರಾಯಚೂರಿಗೆ ಒಯ್ದು ತೋರಿಸಬೇಕು. ಏಜೆಂಟನೊಬ್ಬ ಬಾನೆಟ್ ಎತ್ತಿ ನೋಡಿ ಹೌಹಾರಿದ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. "ಇದನ್ನ ಹಿಂಗ ಒಯ್ದ್ರ ಗಾಡಿ ಅಲ್ಲೇ ಇರ್ತದ, ನೀವು ಬಸ್ಸಿಗೆ ಬರ್ರಿ" ಎಂದ.

ಟರ್ಬೊ ಬಿಚ್ಚುವ ದಿನ ಅಳಿಯನ ಮುಖ ನೋಡಲಾಗಲಿಲ್ಲ. ಸಮಾಧಾನಕ್ಕೆಂದು ಅವನೇ ಹಿಂದೆ ಹೇಳಿದ್ದ ಕಥೆಯನ್ನು ಅವನಿಗೇ ತಿರುಗಿ ಹೇಳಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ಮಾಡಿತ್ತು. ನಾಕಿಂಗ್ ತಡೆಯಲು ಅದರ ಇಂಜಿನ್ನಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಚಿಮ್ಮಬೇಕಿತ್ತು. ಅದಕ್ಕೊಂದು ಬೇರೆ ಡಬ್ಬಿ. ಜನ ಡಬ್ಬಿ ತುಂಬಿಸಲು ಮರೆತರು. ಕೊನೆಗೆ ಎಷ್ಟೋ ಗಾಡಿಗಳ ಟರ್ಬೊ ಕಳಚಿ, ಸಾದಾ ಕಾರ್ಬೊರೇಟರ್ ಕೂರಿಸಿಕೊಟ್ಟರು. "ಅಮೆರಿಕದವ್ರಿಗೇ ಆಗ್ಲಿಲ್ಲೋ ತಮ್ಮಾ" ಎಂದೆ. "ಅವ್ರಿಗೆ ಚಾಚಾ ಇದ್ದಿಲ್ಲ ಮಾಮಾ" ಎಂದ. ಆ ಹುಡುಗನಿಗೆ ಕೆಲಸ ಸಿಕ್ಕೇ ಸಿಗುತ್ತದೆ.

ಎಲ್ಲ ಮೊದಲಿನಂತೆ ಜೋಡಿಸಿದರು. ಕೊನೆಗೆ ಉಳಿದದ್ದು ಫಿಲ್ಟರಿನ ಡಬ್ಬಿ. ಅಟ್ಟದಿಂದ ಇಳಿಸಿದ ಚಾಚಾ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಮುಚ್ಚಳ ತೆಗೆದರು.

ಒಳಗೆ ಇಲಿಯ ಗೂಡು. ಫಿಲ್ಟರಿನ ಮಡಿಕೆಗಳೊಳಗೆ ತೌಡು ಗಚ್ಚಿನಂತೆ ಕೂತು, ಅದರ ಮೇಲೆ ಹತ್ತಿಯ ಮೆತ್ತೆ, ಗೋಣಿದಾರದ ಎಳೆಗಳು, ಹನ್ನೆರಡು ಭತ್ತದ ಕಾಳು. ಮೆತ್ತೆಯ ಕೆಳಗೆ ಕಾಗದದ ಚೂರುಗಳು. ಕನ್ನಡಕ ಹಾಕಿಕೊಂಡು ನೋಡಿದೆ. ನೀಲಿ ಇಂಕು, ಬಲಕ್ಕೆ ವಾಲಿದ ಅಕ್ಷರ, ಏಳಕ್ಕೆ ಹಾಕುವ ಅಡ್ಡಗೀಟು. ನನ್ನದೇ ಕೈ. ಮಿಲ್ಲಿನ ತೂಕದ ಚೀಟಿಗಳು. ಹೋದ ವರ್ಷ ಯಾವ ಚೀಟಿಗಳು ಕಾಣೆಯಾಗಿ, ಹಮಾಲರ ಮೇಲೆ ನಾನು ಹಾರಾಡಿದ್ದೆನೋ ಅವೇ.

ಚಾಚಾ ನಗಲಿಲ್ಲ. ಪಾಠ ಹೇಳಿದರು. "ಗಂಟಲಿಗೆ ಗಾಳಿ ಬರೂ ಬಾಯಿ ಮುಚ್ಚಿತ್ತು. ಗಂಟಲದಾಗ ಒತ್ತಡ ಮತ್ತಿಷ್ಟು ಬಿತ್ತು, ಬಟ್ಟಲದ ಪೆಟ್ರೋಲ್ ಬೇಕಾದ್ದಕ್ಕಿಂತ ಹೆಚ್ಚಿಗಿ ಹರೀತು. ಅದಕ್ಕ ಸೈಲೆನ್ಸರಿನ್ಯಾಗ ಮಸಿ, ಅದಕ್ಕ ಎವರೇಜ್ ಇಲ್ಲ. ಟರ್ಬೊ ಹಾಕಿದಾಗ ಅದಾ ಇಳಿಜಾರು ಉಲ್ಟಾ ಆತು, ಪೆಟ್ರೋಲ್ ಬಂದಾತು. ರೋಗ ಎರಡಲ್ಲ ಸಾಹೇಬ್ರ, ಒಂದಾ." ಸ್ವಲ್ಪ ತಡೆದು ಸೇರಿಸಿದರು: "ನಿಮ್ಮ ಗಾಡಿಗಿ ಕಸುವು ಕಡಿಮಿ ಇದ್ದಿಲ್ಲ. ಮೂಗು ಕಟ್ಟಿತ್ತು."

ಹೊಸ ಫಿಲ್ಟರಿಗೆ ಎಷ್ಟಾಯಿತು ಎಂದು ಕೇಳಬೇಡಿ. ಒಂದು ಮನೆಯ ಮಂದಿಯೆಲ್ಲ ಒಗ್ಗರಣಿ ಮಿರ್ಚಿ ತಿಂದು ಏಳುವಷ್ಟು. ಟರ್ಬೊದ ಒಟ್ಟು ಖರ್ಚನ್ನಂತೂ ನಾನು ಯಾವ ಚೀಟಿಯಲ್ಲೂ ಬರೆದಿಲ್ಲ; ಇಲಿಗಳು ಮನೆಯವರ ಕೈಗೆ ತಲುಪಿಸಿಬಿಟ್ಟಾವು.

ಮರುವಾರ ರಾಯಚೂರಿನಿಂದ ಆರ್‌ಸಿ ಕೆಲಸ ಮುಗಿಸಿ ಬರುವಾಗ ಕಲ್ಲೂರಿನ ಹತ್ತಿರ ಒಂದು ಟ್ರ್ಯಾಕ್ಟರನ್ನು ದಾಟಿದೆ. ಆಮೇಲೆ ಒಂದು ಭತ್ತದ ಲಾರಿಯನ್ನೂ. ಲಾರಿ ನಿಂತಿತ್ತು ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಸಂಜೆ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಒಬ್ಬ ಹಿಂದಿನ ಗಾಜಿನ ಕೆಂಪು ಸ್ಟಿಕರ್ ತೋರಿಸಿ, "ಟರ್ಬೊ ಅಂದ್ರ ಟರ್ಬೊನ ನೋಡ್ರಿ. ಸಾಹೇಬ್ರ ಗಾಡಿದು ಏನು ಹವಾ ಐತಿ!" ಎಂದ. ಅಳಿಯ ಸ್ಟಿಕರ್ ಕೀಳಲು ಮರೆತಿದ್ದ. ನಾನು ನೆನಪಿಸಿರಲಿಲ್ಲ.

"ಅದನ್ನ ಬಿಚ್ಚೀವಿ" ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಸಾಹೇಬರಿಗೆ ಒಂದು ಚಹಾ ಎಂದರು. ಗಾಡಿಯನ್ನು ತಕ್ಷಣ ಆರಿಸಲಿಲ್ಲ. ಕೈಗಡಿಯಾರ ನೋಡುತ್ತ, ಎಲ್ಲರಿಗೂ ಕಾಣುವಂತೆ, ಒಂದು ನಿಮಿಷ ಓಡಲು ಬಿಟ್ಟು ಕೂತೆ. "ಟರ್ಬೊ ಆರಬೇಕಲ್ರೀ, ಹಂಗ ಬಂದ್ ಮಾಡಬಾರ್ದು" ಎಂದು ಒಬ್ಬ ಇನ್ನೊಬ್ಬನಿಗೆ ತಿಳಿಸಿಹೇಳುತ್ತಿದ್ದ.

ಚಾಚಾ ನಮಾಜ್ ಮುಗಿಸಿ ಅದೇ ದಾರಿಯಲ್ಲಿ ಬಂದರು. ಜನರನ್ನು ನೋಡಿದರು, ನನ್ನನ್ನು ನೋಡಿದರು. ಗಾಡಿಯ ಹಿಂದೆ ಹೋಗಿ ಸ್ಟಿಕರಿನ ಮೇಲೆ ಬೆರಳಾಡಿಸಿದರು. ಮುಂದೆ ಬಂದು, ಬೆರಳಿಗೆ ಹತ್ತಿದ ತೌಡನ್ನು ನನ್ನ ಮುಖದ ಮುಂದೆ ಹಿಡಿದು, ಏನೂ ಮಾತಾಡದೆ ಮನೆ ಕಡೆ ನಡೆದರು.